ಎರಡು ದಿನದ ವರ್ಕ್‌ಶಾಪ್ ಸಾಕಾ, ಯಾರದಾದರೂ ಹಿಂದೆ ಓಡಾಡಬೇಕಾ? ಹವ್ಯಾಸಿ ಫೋಟೊಗ್ರಾಫರ್‌ಗಳಿಗೆ ಒಂದು ಹೋಲಿಕೆ

ನಾನು ನಡೆಸುವ ಎರಡು ದಿನದ ವರ್ಕ್‌ಶಾಪಿನಲ್ಲಿ ಕೊನೆಗೊಂದು ಆಟ ಇರುತ್ತದೆ. ಕಲಿಯಲು ಬಂದವರು ತಾವು ತೆಗೆದದ್ದರಲ್ಲಿ ತಮಗೆ ತುಂಬಾ ಇಷ್ಟವಾದ ಒಂದೊಂದು ಫೋಟೊ ಆರಿಸಿ ಕೊಡುತ್ತಾರೆ. ಅವನ್ನೆಲ್ಲ ಪ್ರಿಂಟ್ ಹಾಕಿಸಿ, ಇದೇ ಕಸುಬಿನಲ್ಲಿರುವ ನನ್ನ ಗೆಳೆಯರ ಐದಾರು ಫೋಟೊ ಜೊತೆ ಬೆರೆಸಿ ಮೇಜಿನ ಮೇಲೆ ಹರಡುತ್ತೇನೆ. ಯಾವುದು ಹವ್ಯಾಸಿಯದು, ಯಾವುದು ವೃತ್ತಿಯವರದು, ಹೇಳಿ ನೋಡೋಣ ಅನ್ನುತ್ತೇನೆ. ಎಲ್ಲರೂ ತಬ್ಬಿಬ್ಬು. ಮೊದಲೇ ಗೊತ್ತಿರದಿದ್ದರೆ ನಾನೂ ಅರ್ಧಕ್ಕರ್ಧ ತಪ್ಪು ಹೇಳುತ್ತಿದ್ದೆ.

ಆಮೇಲೆ ಎರಡನೇ ಸುತ್ತು. ಈ ಸಲ ಒಬ್ಬೊಬ್ಬರ ಮೆಮೊರಿ ಕಾರ್ಡಿನಿಂದ ಒಂದರ ಹಿಂದೊಂದು ಇಪ್ಪತ್ತು ಫ್ರೇಮ್, ಅಂದರೆ ಇಪ್ಪತ್ತು ಕ್ಲಿಕ್. ನಡುವೆ ಒಂದನ್ನೂ ಅಳಿಸುವ ಹಾಗಿಲ್ಲ. ಒಂದು ನಿಮಿಷವೂ ಬೇಕಾಗುವುದಿಲ್ಲ, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಕಸುಬಿನವರ ಇಪ್ಪತ್ತರಲ್ಲಿ ಆಹಾ ಅನ್ನುವಂಥದ್ದು ಒಂದೂ ಇಲ್ಲದೆ ಇರಬಹುದು. ಆದರೆ ಹದಿನೈದು ಹದಿನಾರನ್ನು ಹಾಗೇ ಗಿರಾಕಿಗೆ ಕೊಡಬಹುದು. ಹವ್ಯಾಸಿಯ ಇಪ್ಪತ್ತರಲ್ಲಿ ಒಂದು ಬೆರಗಾಗುವ ಹಾಗಿರುತ್ತದೆ, ಮೂರು ಪರವಾಗಿಲ್ಲ ಅನ್ನಿಸುತ್ತವೆ, ಉಳಿದವು ಅಲುಗಾಡಿದ್ದು, ಕಣ್ಣು ಮುಚ್ಚಿದ್ದು, ತಲೆಯ ಹಿಂದಿನಿಂದ ಕಂಬ ಮೂಡಿದ್ದು.

ಸ್ವಲ್ಪ ದಿನ ಕಲಿತು ವೃತ್ತಿಪರರ ಸಾಲಿನಲ್ಲಿ ನಿಲ್ಲಬಹುದಾ ಅಂತ ಕೇಳುವವರಿಗೆ ಈ ಎರಡು ಸುತ್ತುಗಳೇ ನನ್ನ ಉತ್ತರ. ಒಂದು ಫೋಟೊದ ಮಟ್ಟಿಗೆ ಖಂಡಿತ ನಿಲ್ಲಬಹುದು. ಒಂದು ದಿನದ ಕೆಲಸದ ಮಟ್ಟಿಗೆ ಬಹಳ ಸಲ ಆಗುವುದಿಲ್ಲ. ನೀವು ತೆಗೆದ ಅತಿ ಒಳ್ಳೆಯ ಫೋಟೊವನ್ನು ಯಾರೂ ಪ್ರಶ್ನಿಸುವುದಿಲ್ಲ. ದುಡ್ಡು ಕೊಡುವವರಿಗೆ ತೊಂದರೆಯಾಗುವುದು ನಿಮ್ಮ ಅತಿ ಕೆಟ್ಟ ಫೋಟೊಗಳಿಂದ. ಯಾವ ತರಬೇತಿ ಆರಿಸಿಕೊಳ್ಳಬೇಕು ಅನ್ನುವುದನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತೇನೆ.

ಕ್ಯಾಮೆರಾ ಕಲಿಯುವುದು ದೊಡ್ಡ ವಿಷಯ ಅಲ್ಲ

1888ರಲ್ಲಿ ಕೊಡಕ್ ಕ್ಯಾಮೆರಾ ಬಂದಾಗ ಕಂಪನಿ ಹೇಳಿದ್ದೇ ಹಾಗೆ: ಗುಂಡಿ ನೀವು ಒತ್ತಿ, ಮಿಕ್ಕಿದ್ದು ನಮಗೆ ಬಿಡಿ. ನೂರು ಫೋಟೊಗೆ ಸಾಕಾಗುವ ರೋಲ್ ಒಳಗೇ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ವಾಪಸ್ ಕಳಿಸಿದರಾಯಿತು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಹೊಸ ಕ್ಯಾಮೆರಾ ಕಲಿಯುವ ಹೊರೆಯನ್ನು ಒಂದಿಷ್ಟು ಇಳಿಸುತ್ತಲೇ ಬಂದಿದೆ. ಈಗಿನವು ಎದುರಿಗಿರುವವರ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ನಾನು ಕಲಿಯುವಾಗ ಅದೊಂದನ್ನು ಕೈಗೆ ಹತ್ತಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡಿದ್ದೇನೆ. ಹೊಟ್ಟೆಕಿಚ್ಚು ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಇಂಗ್ಲೆಂಡಿನ ಹೆಸರಾಂತ ಫೋಟೊಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೈಗೆ ಮೊದಲ ಕ್ಯಾಮೆರಾ ಬಂದಾಗ ಅವರಿಗೆ 48 ವರ್ಷ. ಅದು 1863ರ ಡಿಸೆಂಬರ್, ಮಗಳು ಅಳಿಯ ಕೊಟ್ಟ ಉಡುಗೊರೆ. ತನ್ನ ಮೊದಲ ಗೆಲುವು ಅಂತ ಅವರೇ ಕರೆದುಕೊಂಡ ಹುಡುಗಿಯ ಚಿತ್ರ ತೆಗೆದದ್ದು ಮುಂದಿನ ಜನವರಿಯಲ್ಲಿ. ಆ ಕಾಲದ ಗಾಜಿನ ಪ್ಲೇಟು, ರಾಸಾಯನಿಕಗಳ ಜೊತೆ ಗುದ್ದಾಡಿ ಸಿಕ್ಕ ಗೆಲುವು ಅದು. ವಿವಿಯನ್ ಮೇಯರ್ ಜೀವನವಿಡೀ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದವರು. 2007ರಲ್ಲಿ ಅವರ ನೆಗೆಟಿವ್ ಪೆಟ್ಟಿಗೆಗಳು ಹರಾಜಿನಲ್ಲಿ ಹೊರಬಂದವು. ಆಮೇಲೆ ನೋಡಿದರೆ ಒಂದು ಲಕ್ಷಕ್ಕೂ ಹೆಚ್ಚು ಫೋಟೊ. ಇವತ್ತು ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ಅವನ್ನು ತೂಗುಹಾಕುತ್ತಾರೆ.

ಮೇಯರ್ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ತೆಗೆದ ರೋಲುಗಳಲ್ಲಿ ಎಷ್ಟನ್ನೋ ಅವರು ಡೆವಲಪ್ ಮಾಡಿಸದೆ ಹಾಗೇ ಬಿಟ್ಟುಹೋದರು. ಹವ್ಯಾಸದಲ್ಲಿ ಅದು ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಸೋಮವಾರ ಬೆಳಗ್ಗೆ ಯಾರೋ ಫೋನ್ ಮಾಡಿ ಫೋಟೊ ಎಲ್ಲಿ ಅಂತ ಕೇಳುವ ಕೆಲಸದಲ್ಲಿ ನಡೆಯುವುದಿಲ್ಲ.

ಸ್ವಲ್ಪ ಕಲಿಸಿ ವೃತ್ತಿಪರರ ಜಾಗದಲ್ಲಿ ನಿಲ್ಲಿಸುವ ಪ್ರಯೋಗವನ್ನು ಒಂದು ಪತ್ರಿಕೆ ದೊಡ್ಡ ಮಟ್ಟದಲ್ಲೇ ಮಾಡಿ ನೋಡಿತ್ತು. 2013ರ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೊ ಸನ್-ಟೈಮ್ಸ್ ತನ್ನ 28 ಮಂದಿ ಪೂರ್ಣಾವಧಿ ಫೋಟೊಗ್ರಾಫರ್‌ಗಳನ್ನು ಒಂದೇ ಏಟಿಗೆ ಮನೆಗೆ ಕಳಿಸಿತು. 1982ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆದ ಜಾನ್ ಎಚ್. ವೈಟ್ ಕೂಡ ಅವರಲ್ಲಿ ಒಬ್ಬರು. ವರದಿಗಾರರಿಗೆ ಐಫೋನಿನಲ್ಲಿ ಫೋಟೊ ತೆಗೆಯುವ ಮೂಲಪಾಠ ಹೇಳಿಕೊಡುವುದು, ಉಳಿದದ್ದನ್ನು ಹೊರಗಿನವರಿಂದ ಮಾಡಿಸುವುದು, ಇದು ಯೋಜನೆ. ವರ್ಷದ ಕೊನೆಗೆ ಯೂನಿಯನ್ ಜೊತೆ ಒಪ್ಪಂದವಾಗಿ ನಾಲ್ವರನ್ನು ಮತ್ತೆ ತೆಗೆದುಕೊಂಡರು. ಒಪ್ಪಂದದ ಹಿಂದೆ ನೂರೆಂಟು ಕಾರಣ ಇರುತ್ತವೆ, ಅದರಿಂದ ಏನೂ ಸಾಬೀತಾಗುವುದಿಲ್ಲ ಬಿಡಿ. ನನ್ನನ್ನು ಕಾಡುವುದು ಬೇರೆ. ವರದಿಗಾರ ಎದುರಿಗಿರುವವರ ಮಾತು ಕೇಳಿಸಿಕೊಳ್ಳಬೇಕು. ಫೋಟೊ ತೆಗೆಯುವವನು ಅದೇ ಕ್ಷಣದಲ್ಲಿ ಅವರ ಕೈ ಎಲ್ಲಿ ಹೋಯಿತು, ಹಿಂದೆ ಯಾರು ಬಂದರು ಅಂತ ನೋಡುತ್ತಿರಬೇಕು. ಎಷ್ಟೇ ತರಬೇತಿ ಕೊಟ್ಟರೂ ಒಂದೇ ತಲೆ ಎರಡು ಕಡೆ ಇರಲು ಆಗುತ್ತಾ?

ಎರಡು ದಿನದ ವರ್ಕ್‌ಶಾಪ್

ನನ್ನ ಅಂಗಡಿಯ ಮಾಲನ್ನೇ ಮೊದಲು ಅಳೆಯುತ್ತೇನೆ. ಎಲ್ಲವನ್ನೂ ಕ್ಯಾಮೆರಾವೇ ತೀರ್ಮಾನಿಸುವ ಆಟೊ ಮೋಡಿನಿಂದ ಹೊರಬರಲು ಎರಡು ದಿನ ಧಾರಾಳ. ಅಪರ್ಚರ್ (ಲೆನ್ಸ್ ಎಷ್ಟು ಅಗಲ ತೆರೆಯುತ್ತದೆ), ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಒಳಗೆ ಬರುತ್ತದೆ), ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿ ತೋರಿಸುತ್ತದೆ) ಮೂರಕ್ಕೂ ಇರುವ ನಂಟು ಅರ್ಧ ದಿನದಲ್ಲಿ ತಲೆಗೆ ಹೋಗುತ್ತದೆ. ಕಿಟಕಿಯ ಪಕ್ಕ ಮನುಷ್ಯನನ್ನು ಹೇಗೆ ಕೂರಿಸಬೇಕು, ಲೈಟ್ ಎರಡು ಪಟ್ಟು ದೂರ ಹೋದರೆ ಬೆಳಕು ಕಾಲುಭಾಗಕ್ಕೆ ಯಾಕೆ ಇಳಿಯುತ್ತದೆ, ಫ್ಲಾಶನ್ನು ಮುಖಕ್ಕೆ ಹೊಡೆಯುವ ಬದಲು ಬಿಳಿ ಗೋಡೆಗೆ ಹೊಡೆದರೆ ಏನಾಗುತ್ತದೆ, ಇಷ್ಟು ಗೊತ್ತಾದರೆ ನಿಮ್ಮ ಒಳ್ಳೆಯ ಫೋಟೊ ಒಂದೇ ವಾರದಲ್ಲಿ ತುಂಬಾ ಮೇಲೇರುತ್ತದೆ. ಕೆಟ್ಟ ಫೋಟೊ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಸೇರುವ ಮೊದಲು ಎರಡು ಪ್ರಶ್ನೆ ಕೇಳಿ. ಕ್ಯಾಮೆರಾ ನನ್ನ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ? ನಾನು ತೆಗೆದ ಕೆಟ್ಟ ಫೋಟೊಗಳನ್ನು ಯಾರಾದರೂ ಕೂತು ನೋಡುತ್ತಾರಾ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಒಂದು ಬಗೆಯ ವರ್ಕ್‌ಶಾಪಿನಿಂದ ದೂರವೇ ಇರಿ ಅನ್ನುತ್ತೇನೆ. ಮಾಡೆಲ್ ಬಂದಿರುತ್ತಾರೆ, ಮೇಕಪ್ ಆಗಿರುತ್ತದೆ, ಬೆಳಕನ್ನು ಮೆದುಮಾಡುವ ಸಾಫ್ಟ್‌ಬಾಕ್ಸನ್ನು ಕಲಿಸುವವರೇ ಹೊಂದಿಸಿರುತ್ತಾರೆ. ಸೆಟ್ಟಿಂಗ್ ಬೋರ್ಡಿನ ಮೇಲೆ ಬರೆದಿರುತ್ತದೆ. ಹದಿನೈದು ಜನ ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಗುಂಡಿ ಒತ್ತಿ ಬರುತ್ತಾರೆ. ಮನೆಗೆ ಬಂದು ನೋಡಿದರೆ ಫೋಟೊ ಅದ್ಭುತ. ಆದರೆ ಅದು ನಿಮ್ಮದಲ್ಲ, ಲೈಟ್ ಇಟ್ಟವರದು. ಹದಿನೈದು ಜನರ ಪೋರ್ಟ್‌ಫೋಲಿಯೊದಲ್ಲೂ ಅದೇ ಮುಖ, ಅದೇ ನೆರಳು. ಅದನ್ನು ನೋಡಿ ಕೆಲಸ ಕೊಟ್ಟವರು ಅಂಥದ್ದೇ ಇನ್ನೊಂದು ಕೇಳಿದಾಗ ಕೈಕಾಲು ಆಡುವುದಿಲ್ಲ.

ಆನ್‌ಲೈನ್ ಪಾಠಗಳು

ಎಡಿಟಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಬಹುದು. ರಾ ಫೈಲಿನಲ್ಲಿ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸಿದ್ದು) ಮಂಕಾದ ಭಾಗವನ್ನು ಎಷ್ಟು ಎತ್ತಬಹುದು, ಜೆಪೆಗ್‌ನಲ್ಲಿ (ಕ್ಯಾಮೆರಾವೇ ಹದಮಾಡಿ ಕುಗ್ಗಿಸಿದ್ದು) ಯಾಕೆ ಅಷ್ಟು ಆಗುವುದಿಲ್ಲ, ಇಂಥದ್ದೆಲ್ಲ ನಾನೂ ಹಾಗೇ ಕಲಿತೆ. ತೊಂದರೆ ಒಂದೇ. ಆ ಕಡೆ ಇರುವವರು ನಿಮ್ಮ ಫೋಟೊ ನೋಡುವುದಿಲ್ಲ. ನಿಮ್ಮ ಎಲ್ಲ ಫೋಟೊಗಳಲ್ಲೂ ಗೆರೆ ಸ್ವಲ್ಪ ಎಡಕ್ಕೆ ವಾಲುತ್ತಿದ್ದರೆ ಅದನ್ನು ಹೇಳುವವರು ಯಾರು?

ಅಸಿಸ್ಟೆಂಟ್ ಆಗಿ ಓಡಾಡುವುದು

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ. ಕೆಟ್ಟ ಫೋಟೊಗಳನ್ನು ಕಮ್ಮಿ ಮಾಡುವ ತರಬೇತಿ ಅಂತ ಇದ್ದರೆ ಇದೇ.

ನಾನು ಮೊದಲು ಜೊತೆಗೆ ಹೋದ ಹಿರಿಯರು ನನಗೆ ಆರು ವಾರ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಹಿಂದಿನ ರಾತ್ರಿ ಬ್ಯಾಗ್ ಜೋಡಿಸುವುದು ನನ್ನ ಕೆಲಸ. ಎರಡು ಕ್ಯಾಮೆರಾ, ಯಾಕೆಂದರೆ ಒಂದು ಕೈಕೊಟ್ಟರೆ ಸಮಾರಂಭ ಕಾಯುವುದಿಲ್ಲ. ಹಳೆಯ ಫೈಲುಗಳ ಮೂರು ಪ್ರತಿ ಇವೆ, ಒಂದು ಬೇರೆ ಜಾಗದಲ್ಲಿದೆ ಅಂತ ಕಣ್ಣಾರೆ ನೋಡಿದ ಮೇಲೇ ಕಾರ್ಡ್ ಫಾರ್ಮ್ಯಾಟ್. ತುಂಬಿದ ಬ್ಯಾಟರಿ ಎಡ ಜೇಬಿಗೆ, ಮುಗಿದದ್ದು ಬಲ ಜೇಬಿಗೆ. ಕತ್ತಲಲ್ಲಿ ಯಾವುದು ಯಾವುದು ಅಂತ ಹುಡುಕುವ ಹಾಗಿರಬಾರದು. ಆಗ ನನಗೆ ಇದೆಲ್ಲ ಸುಮ್ನೆ ಶಿಸ್ತಿನ ಹುಚ್ಚು ಅನ್ನಿಸುತ್ತಿತ್ತು.

ಅವರ ಜೊತೆ ಓಡಾಟ ಸಾಕು ಅನ್ನಿಸಿ ಒಬ್ಬನೇ ಒಂದು ಮದುವೆಗೆ ಹೋದೆ. ಹೊರಗೆ ಬಿಸಿಲಿನಲ್ಲಿ ತೆಗೆಯುವಾಗ ಶಟರ್ 1/500ಕ್ಕೆ, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಇಟ್ಟಿದ್ದೆ. ಒಳಗೆ ಬಂದು, ದೂರದಿಂದ ಫ್ಲಾಶ್ ಹೊತ್ತಿಸುವ ಅಗ್ಗದ ಟ್ರಿಗರ್ ಸಿಕ್ಕಿಸಿ ಫ್ಲಾಶ್ ಹೊತ್ತಿಸಿದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಮಾಮೂಲಿ ಫ್ಲಾಶ್ ಜೊತೆ 1/200, ಹೆಚ್ಚೆಂದರೆ 1/250 ದಾಟಬಾರದು. ದಾಟಿದರೆ ಶಟರಿನ ಪರದೆ ಫ್ರೇಮಿನ ಒಂದು ಭಾಗಕ್ಕೆ ಅಡ್ಡ ಬರುತ್ತದೆ. ಕ್ಯಾಮೆರಾಗೆ ಒಗ್ಗಿದ ಫ್ಲಾಶ್ ಆಗಿದ್ದರೆ ತಾನೇ ತಡೆಯುತ್ತಿತ್ತು. ನನ್ನ ಟ್ರಿಗರಿಗೆ ಅಷ್ಟು ಬುದ್ಧಿ ಇರಲಿಲ್ಲ. ನಲವತ್ತು ಫ್ರೇಮ್ ಆದ ಮೇಲೆ ಕ್ಯಾಮೆರಾದ ಸ್ಕ್ರೀನಿನಲ್ಲಿ ನೋಡುತ್ತೇನೆ, ಪ್ರತಿಯೊಂದರಲ್ಲೂ ಅರ್ಧ ಭಾಗ ಕಪ್ಪು. ಹುಡುಗಿಯ ಅಜ್ಜಿ ಆಗಷ್ಟೇ ಅವಳ ಕೆನ್ನೆ ಹಿಡಿದುಕೊಂಡಿದ್ದರು. ಅಜ್ಜಿಯ ಮುಖ ಬಂದಿದೆ, ಕೈ ಬಂದಿಲ್ಲ.

ಈ 1/200ರ ಲೆಕ್ಕ ನನಗೆ ಗೊತ್ತಿರಲಿಲ್ಲವಾ? ಬಾಯಿಪಾಠ ಇತ್ತು. ಬೇರೆಯವರಿಗೆ ಹೇಳಿಯೂ ಕೊಟ್ಟಿದ್ದೆ. ಆದರೆ ಆ ಹಿರಿಯರು ಬಾಗಿಲು ದಾಟುವಾಗಲೆಲ್ಲ ಹೆಬ್ಬೆರಳಿನಿಂದ ಡಯಲ್ ತಿರುಗಿಸುತ್ತಿದ್ದದ್ದನ್ನು ನಾನು ನೋಡಿದ್ದೆ, ಕೈಗೆ ಹತ್ತಿಸಿಕೊಂಡಿರಲಿಲ್ಲ.

ಗ್ರೂಪ್ ಫೋಟೊ ಇನ್ನೊಂದು ಒಳ್ಳೆ ಉದಾಹರಣೆ. ಹವ್ಯಾಸಿ ತನ್ನ ಮೆಚ್ಚಿನ ಲೆನ್ಸ್ ಹಾಕಿ ಎಫ್/1.8ರಲ್ಲಿ, ಅಂದರೆ ಅಪರ್ಚರ್ ಅಗಲವಾಗಿ ತೆರೆದು ತೆಗೆಯುತ್ತಾನೆ, ಮುಂದಿನ ಸಾಲು ಚೂಪಾಗಿ ಬರುತ್ತದೆ, ಹಿಂದಿನ ಸಾಲು ಮಂಜು. ಮೂರು ಸಾಲು ಇದ್ದರೆ ಅಪರ್ಚರ್ ಕಿರಿದು ಮಾಡಿ ಎಫ್/5.6 ಅಥವಾ ಎಫ್/8 ಇಡಬೇಕು. ಇದು ವರ್ಕ್‌ಶಾಪಿನಲ್ಲೂ ಬರುತ್ತದೆ. ಎಷ್ಟು ಸಲ ಕ್ಲಿಕ್ಕಿಸಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ, ಗೊತ್ತಾ? ಆಸ್ಟ್ರೇಲಿಯಾದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನು ಗಣಿತ ಹಾಕಿ ಕಂಡುಹಿಡಿದು 2006ರಲ್ಲಿ ಇಗ್ ನೊಬೆಲ್ ತೆಗೆದುಕೊಂಡರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ಬೆಳಕು ಚೆನ್ನಾಗಿದ್ದಾಗ ತಲೆಗಳನ್ನು ಮೂರರಿಂದ ಭಾಗಿಸಿ, ಕಡಿಮೆ ಇದ್ದಾಗ ಎರಡರಿಂದ. ಹದಿನೈದು ಜನಕ್ಕೆ ಒಳ್ಳೆ ಬೆಳಕಿನಲ್ಲಿ ಐದು ಫ್ರೇಮ್. ಅಷ್ಟು ತೆಗೆದರೆ ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಸಿಗುತ್ತದೆ ಅನ್ನುವ ನಂಬಿಕೆ. ಐವತ್ತು ಜನ ಇದ್ದರೆ ದೇವರೇ ಗತಿ.

ಲೆಕ್ಕ ಸರಿ. ಆದರೆ ಹದಿನೈದು ಜನರನ್ನು ಐದು ಫ್ರೇಮ್ ಮುಗಿಯುವವರೆಗೆ ನಿಲ್ಲಿಸಿಕೊಳ್ಳುವುದು ಹೇಗೆ? ಎತ್ತರದ ಅಣ್ಣನನ್ನು ಬೇಜಾರಾಗದ ಹಾಗೆ ಹಿಂದಕ್ಕೆ ಕಳಿಸುವುದು, ಮೊಬೈಲ್ ನೋಡುತ್ತಿರುವ ಹುಡುಗನನ್ನು ಹೆಸರು ಹಿಡಿದು ಕರೆಯುವುದು, ಮಾತು ಬಿಟ್ಟಿರುವ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸದೆ ಇರುವುದು. ಇದಕ್ಕೆ ಪಾಠ ಇಲ್ಲ. ಮಾಡುವವರ ಪಕ್ಕದಲ್ಲಿ ನಿಂತು ನೋಡಬೇಕು.

ಇದರ ಇನ್ನೊಂದು ಮುಖವೂ ಇದೆ. ಕೆಲವರು ಬ್ಯಾಗ್ ಹೊರಿಸುತ್ತಾರೆ, ಏನೂ ಹೇಳಿಕೊಡುವುದಿಲ್ಲ. ಕೇಳಿದರೆ ಗುಟ್ಟು ಬಿಡಲ್ಲ. ನಾಲ್ಕು ಕೆಲಸ ಆದ ಮೇಲೂ ಯಾಕೆ ಲೈಟ್ ಅಲ್ಲಿಟ್ಟಿರಿ ಅಂತ ಕೇಳುವ ಸಲುಗೆ ಹುಟ್ಟದಿದ್ದರೆ ಬಿಟ್ಟುಬಿಡಿ. ಒಬ್ಬರ ಜೊತೆಯೇ ತುಂಬಾ ದಿನ ಇದ್ದರೆ ಅವರ ಕಣ್ಣೇ ನಿಮಗೂ ಬಂದುಬಿಡುತ್ತದೆ, ಅದೂ ಒಂದು ಅಪಾಯ. ನನಗೆ ಈಗಲೂ ಆ ಹಿರಿಯರ ಹಾಗೆ ಎಲ್ಲರನ್ನೂ ಸ್ವಲ್ಪ ಬಲಕ್ಕೆ ತಿರುಗಿಸುವ ಚಟ ಇದೆ.

ಡಿಪ್ಲೊಮಾ, ಪದವಿ

ಜಾಹೀರಾತು, ಫ್ಯಾಷನ್, ಸ್ಟುಡಿಯೊ ಕಡೆ ಹೋಗುವ ಮನಸ್ಸಿದ್ದರೆ, ವರ್ಷಗಟ್ಟಲೆ ಸಮಯ ಇದ್ದರೆ, ಇದು ಒಳ್ಳೆಯದು. ವಾರ ವಾರ ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರ ಮುಂದೆ ಬೈಸಿಕೊಳ್ಳುವ ಭಾಗ್ಯ ಬೇರೆ ಎಲ್ಲೂ ಸಿಗುವುದಿಲ್ಲ. ಕೆಲಸದ ಜೊತೆಗೆ ಹವ್ಯಾಸವಾಗಿ ಶುರುಮಾಡಿದವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಸರ್ಟಿಫಿಕೇಟ್ ತೋರಿಸಿ ಅಂತ ನನ್ನನ್ನು ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಕೇಳಿಲ್ಲ.

ಯಾವ ಕೆಲಸಕ್ಕೆ ಎಷ್ಟು ಕಲಿತರೆ ಸಾಕು

ಒಂದು ಪ್ರಶ್ನೆ ಹಾಕಿಕೊಳ್ಳಿ: ಕೆಟ್ಟರೆ ಮತ್ತೆ ತೆಗೆಯಬಹುದಾ?

ವಸ್ತುಗಳ ಫೋಟೊ ಆದರೆ ತೆಗೆಯಬಹುದು. ಮೇಜು ಅಲ್ಲೇ ಇರುತ್ತದೆ, ಲೈಟ್ ಅಲ್ಲೇ ಇರುತ್ತದೆ. ಟ್ರೈಪಾಡ್ ಕಾಲು ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿಕೊಂಡರೆ ನಾಳೆಯೂ ಅದೇ ಫ್ರೇಮ್ ಸಿಗುತ್ತದೆ. ಒಂದು ಒಳ್ಳೆ ವರ್ಕ್‌ಶಾಪ್, ಅದರ ಹಿಂದೆ ಒಂದೆರಡು ತಿಂಗಳ ಅಭ್ಯಾಸ ಇದ್ದರೆ ಇಲ್ಲಿ ಯಾರೂ ನಿಮ್ಮನ್ನು ಹವ್ಯಾಸಿ ಅನ್ನಲಾರರು. ಮನೆ, ಕಟ್ಟಡಗಳ ಒಳಾಂಗಣವೂ ಹೆಚ್ಚೂಕಮ್ಮಿ ಹಾಗೇ. ಕ್ಯಾಮೆರಾ ಮಟ್ಟಸವಾಗಿರಲಿ, ಗೋಡೆಯ ಗೆರೆಗಳು ನೆಟ್ಟಗೆ ಬರಲಿ, ಕಿಟಕಿಗೆ ಒಂದು, ಕೋಣೆಗೆ ಒಂದು ಅಂತ ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ (ಬೆಳಕು ಹೆಚ್ಚು ಕಡಿಮೆ ಮಾಡಿ) ಮೂರರಿಂದ ಐದು ಫ್ರೇಮ್ ತೆಗೆದು ಆಮೇಲೆ ಕೂಡಿಸಿ. ಕಚೇರಿಯವರ ಪಾಸ್‌ಪೋರ್ಟ್ ಅಲ್ಲದ ನೀಟಾದ ಮುಖಚಿತ್ರಗಳೂ ಇದೇ ಗುಂಪಿಗೆ ಸೇರುತ್ತವೆ. ಒಂದೇ ಗೋಡೆ, ಒಂದೇ ಲೈಟು, ಮುಖಗಳಿಗೆ ಒಪ್ಪುವ 85 ಎಂಎಂ ಲೆನ್ಸ್. ಸರಿಹೋಗದಿದ್ದರೆ ಇನ್ನೊಂದು ಸಲ ಕೂರಿಸಿದರಾಯಿತು.

ಮಕ್ಕಳ ಫೋಟೊ ನಡುವಿನದು. ಮತ್ತೆ ತೆಗೆಯಬಹುದು, ಮಗು ಒಪ್ಪಿದರೆ.

ಮದುವೆ, ವೇದಿಕೆ, ಆಟೋಟ, ಸುದ್ದಿ: ಇಲ್ಲಿ ಎರಡನೇ ಅವಕಾಶ ಇಲ್ಲ. ಬೆಳಕು ನಿಮ್ಮ ಕೈಯಲ್ಲಿಲ್ಲ. ಒಂದು ಕೋಣೆಯಲ್ಲಿ ಹಳದಿ ಬಲ್ಬು, ಪಕ್ಕದ ಕೋಣೆಯಲ್ಲಿ ನೀಲಿ ಎಲ್‌ಇಡಿ, ಬಾಗಿಲಲ್ಲಿ ಬಿಸಿಲು. ಇಲ್ಲಿ ಎರಡು ದಿನದ ತರಬೇತಿ ಇಟ್ಟುಕೊಂಡು ಮುಖ್ಯ ಫೋಟೊಗ್ರಾಫರ್ ಅಂತ ಹೋಗಬೇಡಿ. ಹಿರಿಯರ ಜೊತೆ ಓಡಾಡಿದ ನಾನೇ ಅವಸರಪಟ್ಟು ಹೋಗಿ ಅಜ್ಜಿಯ ಕೈ ಕಳೆದುಕೊಂಡೆ.

ನನ್ನನ್ನೇ ಕೇಳಿದರೆ ಹೀಗೆ ಹೇಳುತ್ತೇನೆ. ಮೊದಲು ವರ್ಕ್‌ಶಾಪ್. ಆಮೇಲೆ ಮೂರು ತಿಂಗಳು ಮನೆಯಲ್ಲೇ ಒಂದೇ ಬಗೆಯ ಫೋಟೊ ತೆಗೆದು ಬೇಜಾರು ಬರುವಷ್ಟು ಅಭ್ಯಾಸ, ಎಡಿಟಿಂಗಿಗೆ ಆನ್‌ಲೈನ್. ಸಮಾರಂಭಗಳ ಕಡೆ ಮನಸ್ಸಿದ್ದರೆ ಹತ್ತಾದರೂ ಕೆಲಸಕ್ಕೆ ಅಸಿಸ್ಟೆಂಟ್ ಆಗಿ ಹೋಗಿ, ಆಮೇಲೆ ಎರಡನೇ ಕ್ಯಾಮೆರಾ ಹಿಡಿಯುವ ಕೆಲಸ ಕೇಳಿ. ಪ್ರತಿ ಸಲ ಮನೆಗೆ ಬಂದು ಕಾರ್ಡಿನ ಯಾವುದೋ ಒಂದು ಜಾಗದಿಂದ ಕಣ್ಣುಮುಚ್ಚಿ ಇಪ್ಪತ್ತು ಫ್ರೇಮ್ ತೆಗೆದು ಎಣಿಸಿ. ಎಷ್ಟನ್ನು ಗಿರಾಕಿಗೆ ಕೊಡಬಹುದು? ಹತ್ತಕ್ಕಿಂತ ಕಡಿಮೆ ಇದ್ದರೆ ಒಬ್ಬರೇ ಹೋಗುವ ಮಾತು ಬೇಡ. ಮೊದಲ ಕೆಲಸ ಒಪ್ಪಿಕೊಳ್ಳುವಾಗ ಇದು ನನ್ನ ಮೊದಲನೆಯದು ಅಂತ ಬಾಯಿಬಿಟ್ಟು ಹೇಳಿ. ಹೇಳಿದರೂ ಕೆಲಸ ಕೊಡುವವರು ಇರುತ್ತಾರೆ.

ಕಳೆದ ವರ್ಷ ಒಂದು ಬ್ಯಾಚಿನಲ್ಲಿ ಬಂದಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರ ಪ್ರಿಂಟನ್ನು ಮೇಜಿನ ಮೇಲಿಂದ ಎತ್ತಿ ಎಲ್ಲರೂ ಇದು ವೃತ್ತಿಯವರದೇ ಅಂದಿದ್ದರು. ಎರಡನೇ ಸುತ್ತಿನಲ್ಲಿ ಅವರಿಗೆ ಸಿಕ್ಕಿದ್ದು ಇಪ್ಪತ್ತಕ್ಕೆ ನಾಲ್ಕು. ಮುಂದಿನ ತಿಂಗಳು ಗೆಳತಿಯ ಮದುವೆ ಇದೆ, ಒಪ್ಪಿಕೊಳ್ಳಲಾ ಸರ್ ಅಂತ ಕೇಳಿದರು. ಬೇರೆ ಯಾರನ್ನಾದರೂ ಕರೆಸಲು ಹೇಳಿ, ನೀವು ಅವರ ಜೊತೆ ನಿಲ್ಲಿ ಅಂದೆ. ಮುಖ ಸಪ್ಪಗಾಯಿತು. ಐದು ತಿಂಗಳಾದ ಮೇಲೆ ಒಂದು ರಾತ್ರಿ ಮೆಸೇಜ್ ಬಂತು. ಫೋಟೊ ಇರಲಿಲ್ಲ, ನಮಸ್ಕಾರವೂ ಇರಲಿಲ್ಲ. ಬರೀ ಒಂದು ಸಾಲು: "ಸರ್, ಇಪ್ಪತ್ತಕ್ಕೆ ಹನ್ನೊಂದು."